ಐವತ್ತೆಂಟು ಬಾವಲಿ

ಒಂಬತ್ತೂ ಇಪ್ಪತ್ತೆರಡಕ್ಕೆ ಅಮ್ಮ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಡಿಸೆಂಬರಿನ ಒಂದು ಭಾನುವಾರ. ಆಗ ನಾವ್ಯಾರೂ ಗಡಿಯಾರ ನೋಡಿರಲಿಲ್ಲ. ಹುಣಸೆ ಬೀಜಗಳ ಲೆಕ್ಕದಿಂದ ಆಮೇಲೆ ಕಂಡುಕೊಂಡ ಹೊತ್ತು ಅದು.

ಲಿಂಗರಾಜಪುರದಲ್ಲಿ ನಮ್ಮದು ನೆಲಮಹಡಿಯ ಬಾಡಿಗೆ ಮನೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ದಾವಣಗೆರೆಯ ಮನೆ ಖಾಲಿ ಮಾಡಿ ನಮ್ಮ ಜೊತೆ ಬಂದಿದ್ದಳು. ನಾನು ಎಂ.ಎಸ್ಸಿ. ಮುಗಿಸಿ ಇಂದಿರಾನಗರದ ಒಂದು ಆಫೀಸಿಗೆ ಸೇರಿದ್ದೆ. ತಮ್ಮ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದ. ಓದುವುದಕ್ಕಿಂತ ಹೆಚ್ಚು ಹೊತ್ತು ಅವನ ಕೈಯಲ್ಲಿರುತ್ತಿದ್ದದ್ದು ಶಿವಾಜಿನಗರದಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಒಂದು ಪುಟ್ಟ ಆಟದ ಯಂತ್ರ.

ವಿಚಿತ್ರ ಪ್ರಾಣಿಗಳನ್ನು ಹಿಡಿದು, ಸಾಕಿ, ಇನ್ನೊಬ್ಬರ ಪ್ರಾಣಿಗಳ ಜೊತೆ ಕಾದಾಡಿಸುವ ಆಟ ಅದು. ನನಗೆ ಮೊದಮೊದಲು ಮಕ್ಕಳಾಟದಂತೆ ಕಂಡಿತ್ತು. ಅವನು ಒಂದು ಸಂಜೆ ಕೂರಿಸಿಕೊಂಡು ವಿವರಿಸಿದ. ಒಂದೇ ಜಾತಿಯ, ಒಂದೇ ಲೆವೆಲ್ಲಿನ ಎರಡು ಪ್ರಾಣಿಗಳು ಎದುರುಬದುರಾದರೆ ಯಾವುದು ಮೊದಲು ಹೊಡೆಯುತ್ತದೆ? ಹಿಂದೆ ಅದು ಯಾರ್‍ಯಾರನ್ನು ಸೋಲಿಸಿ ಬೆಳೆದಿದೆ ಅನ್ನುವುದರ ಮೇಲೆ ಅದು ನಿಂತಿರುತ್ತದಂತೆ. ಗುಹೆಯ ಬಾವಲಿಗಳನ್ನು ಸೋಲಿಸಿದರೆ ವೇಗ ಕೂಡುತ್ತದೆ, ಕಲ್ಲಿನ ಮೈಯ ಪ್ರಾಣಿಗಳನ್ನು ಸೋಲಿಸಿದರೆ ಗಟ್ಟಿತನ. ಆದರೆ ಆ ಲೆಕ್ಕವನ್ನು ಆಟ ಎಲ್ಲೂ ತೋರಿಸುವುದಿಲ್ಲ, ಆಡುವವನೇ ನೆನಪಿಟ್ಟುಕೊಳ್ಳಬೇಕು. ಒಟ್ಟು ಎಷ್ಟು ಕೂಡಬಹುದು ಅನ್ನುವುದಕ್ಕೂ ಮಿತಿಯಿದೆ. ಕೈತಪ್ಪಿ ಬೇರೇನನ್ನೋ ಸೋಲಿಸಿದರೆ ಅದೂ ಒಳಗೆ ಸೇರಿ ಜಾಗ ತಿನ್ನುತ್ತದೆ. ಹಾಗಾಗಿ ಬಾವಲಿ ಬಿಟ್ಟು ಇನ್ನೇನು ಎದುರಾದರೂ ಓಡಿಹೋಗಬೇಕು.

ಅವನು ಎಣಿಸುವಾಗ ಯಾರೂ ಮಾತಾಡಿಸುವಂತಿರಲಿಲ್ಲ. ಕರೆದರೆ ಸ್ಕ್ರೀನಿನಿಂದ ಕಣ್ಣು ತೆಗೆಯದೆ ಒಂದು ಬೆರಳು ಎತ್ತುತ್ತಿದ್ದ. ಪುಸ್ತಕದಲ್ಲಿ ಗೀಟು ಹಾಕಿಕೊಂಡು ಎರಡು ಸಲ ಲೆಕ್ಕ ತಪ್ಪಿ, ತಿಂಗಳುಗಟ್ಟಲೆ ಸಾಕಿದ ಪ್ರಾಣಿ ಕೆಟ್ಟುಹೋಯಿತೆಂದು ಊಟ ಬಿಟ್ಟು ಕೂತಿದ್ದ. ಆಗ ಹುಣಸೆ ಬೀಜದ ಡಬ್ಬಿ ತಂದು ಮುಂದಿಟ್ಟವಳು ಅಮ್ಮನೇ. ಒಂದನೇ ಕ್ಲಾಸಿನ ಮಕ್ಕಳಿಗೆ ಆಕೆ ಮೂವತ್ತು ವರ್ಷ ಕೂಡುವುದನ್ನು ಕಲಿಸಿದ್ದು ಅದರಲ್ಲೇ. ಒಂದು ಬಾವಲಿ ಸತ್ತರೆ ಒಂದು ಬೀಜ ತಟ್ಟೆಯಿಂದ ಲೋಟಕ್ಕೆ. "ಎಂಜಿನಿಯರ್ ಆಗ್ತಾನಂತೆ, ಎಣಿಸೋಕೆ ಬರಲ್ಲ," ಅಂದು ನಕ್ಕಿದ್ದಳು.

ಆ ಭಾನುವಾರ ಹನ್ನೊಂದಕ್ಕೆ ಇಂದಿರಾನಗರದ ಒಂದು ಕಾಫಿ ಅಂಗಡಿಯಲ್ಲಿ ಈ ಆಟದ ಹುಡುಗರ ಪಂದ್ಯವಿತ್ತು. ಅವನಿಗೆ ನೂರು ಬಾವಲಿ ಬಾಕಿ. ತಟ್ಟೆಗೆ ನೂರು ಬೀಜ ಎಣಿಸಿ ಸುರಿದುಕೊಂಡು, ಹಾಲ್‌ನ ಟೇಬಲ್ಲಿನ ಮುಂದೆ ನನ್ನನ್ನು ಕೂರಿಸಿದ್ದ. ಅವನು "ಹೂಂ" ಅಂದಾಗ ನಾನು ಒಂದು ಬೀಜ ಸ್ಟೀಲ್ ಲೋಟಕ್ಕೆ ಹಾಕಬೇಕು. ಕಾಫಿ ಕುಡಿಯುತ್ತಾ ಆ ಕೆಲಸ ಮಾಡುತ್ತಿದ್ದೆ. ಹನ್ನೆರಡು ಬೀಜ ಬಿದ್ದಾಗ ಅಮ್ಮ ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಮ್ಮ ಪಕ್ಕ ಹಾದುಹೋದಳು. "ಇನ್ನೂ ಎಷ್ಟು ಕೊಲ್ಬೇಕಪ್ಪಾ?" ಅಂದಳು. ಅವನು ಬೆರಳು ಎತ್ತಿದ.

ಬಚ್ಚಲಿನ ಗೋಡೆಯಲ್ಲಿ ಮನೆ ಓನರ್ ಹಾಕಿಸಿಕೊಟ್ಟ ಗ್ಯಾಸ್ ಗೀಸರ್ ಇತ್ತು. ನಲ್ಲಿ ತಿರುಗಿಸಿದರೆ ತಾನಾಗಿ ಹೊತ್ತಿಕೊಳ್ಳುವಂಥದ್ದು. ಗಾಳಿಗೆ ಇದ್ದದ್ದು ಗಾಜಿನ ಪಟ್ಟಿಗಳ ಒಂದೇ ಕಿಂಡಿ. ಪಕ್ಕದ ಸೈಟಿನಲ್ಲಿ ಮನೆ ಏಳುತ್ತಿತ್ತು, ಸಾರುವೆ ಮೇಲೆ ನಿಂತ ಕೆಲಸದವರಿಗೆ ಒಳಗೆಲ್ಲ ಕಾಣುತ್ತದೆಂದು ಅಮ್ಮ ಟಿ.ವಿ. ಡಬ್ಬದ ರಟ್ಟು ಕತ್ತರಿಸಿ ಟೇಪು ಹಾಕಿ ಅದನ್ನು ಮುಚ್ಚಿದ್ದಳು. ನಾವೆಲ್ಲ ಒಳ್ಳೆಯದೇ ಆಯಿತು ಅಂದುಕೊಂಡಿದ್ದೆವು. ಗ್ಯಾಸ್ ಸೋರಿದರೆ ವಾಸನೆ ಬರುತ್ತದೆ, ವಾಸನೆ ಇಲ್ಲದಿದ್ದರೆ ಭಯವಿಲ್ಲ. ರಸಾಯನಶಾಸ್ತ್ರ ಓದಿದ ನಾನೂ ಅಷ್ಟೇ ತಿಳಿದಿದ್ದೆ. ಉರಿಯುತ್ತಿರುವ ಗ್ಯಾಸೇ ಮುಚ್ಚಿದ ಕೋಣೆಯಲ್ಲಿ ವಾಸನೆಯಿಲ್ಲದ ವಿಷ ಕಾರುತ್ತದೆ ಅನ್ನುವುದು ಪರೀಕ್ಷೆಯಲ್ಲಿ ಬರೆದ ಉತ್ತರವಾಗಿತ್ತು, ನಮ್ಮ ಬಚ್ಚಲಿಗೆ ಸಂಬಂಧಪಟ್ಟದ್ದಾಗಿರಲಿಲ್ಲ.

ನೀರು ಬೀಳುವ ಸದ್ದು ಕೇಳುತ್ತಲೇ ಇತ್ತು. ಮಧ್ಯೆ ಒಮ್ಮೆ ಮಗ್ಗು ನೆಲಕ್ಕೆ ಬಿದ್ದ ಸದ್ದು. ಮಗ್ಗುಗಳು ಬೀಳುತ್ತವೆ. ತಮ್ಮ "ಹೂಂ" ಅಂದ, ಇನ್ನೊಂದು ಬೀಜ ಲೋಟಕ್ಕೆ ಹೋಯಿತು. ಹೀಗೇ ಸ್ವಲ್ಪ ಹೊತ್ತು. ಆಮೇಲೆ ಅವನು "ಹೂಂ" ಅನ್ನುವುದನ್ನು ನಿಲ್ಲಿಸಿದ. ಸ್ಕ್ರೀನಿನ ಮೇಲೆ ಹೊಸ ಬಾವಲಿ ರೆಕ್ಕೆ ಬಡಿಯುತ್ತಾ ನಿಂತಿತ್ತು. ಅವನು ಅದನ್ನು ನೋಡುತ್ತಿರಲಿಲ್ಲ.

"ಅಕ್ಕ, ಐವತ್ತೆಂಟಾಯ್ತು."

"ಹೌದು. ಇನ್ನು ನಲವತ್ತೆರಡು."

"ಅದಲ್ಲ ಕಣೆ. ಅಮ್ಮ ಹೋದಾಗ ಹನ್ನೆರಡು. ತಲೆಸ್ನಾನ ಅಂದ್ರೂ ಅವಳು ಮೂವತ್ತು ಬಾವಲಿಗಿಂತ ಜಾಸ್ತಿ ತಗೊಳ್ಳಲ್ಲ."

ಟ್ಯಾಂಕರ್ ನೀರಿನ ಮನೆಯಲ್ಲಿ ನಲ್ಲಿ ಅಷ್ಟು ಹೊತ್ತು ಬಿಡುವ ಹೆಂಗಸಲ್ಲ ಅಮ್ಮ. ಅದು ನನಗೆ ಆಗ ಹೊಳೆಯಿತು.

ಕೂಗಿದೆವು. ಬಾಗಿಲು ಬಡಿದೆವು. ತಮ್ಮ ಮೂರನೇ ಸಲ ಒದ್ದಾಗ ಚಿಲಕ ಕಿತ್ತು ಬಂತು. ಬಾಗಿಲು ಅರ್ಧ ತೆರೆದು ಏನಕ್ಕೋ ತಗುಲಿ ನಿಂತಿತು. ಅದು ಅಮ್ಮನ ಕಾಲು. ಆವಿ ತುಂಬಿತ್ತು. ಗೋಡೆಗೆ ಒರಗಿ ಕೂತಿದ್ದಳು, ಗಲ್ಲ ಎದೆಗೆ ತಾಗಿತ್ತು. ಮುಖ ಬಿಳಿಚಿರಲಿಲ್ಲ. ಕೆಂಪಗೆ ಚೆನ್ನಾಗಿ ನಿದ್ದೆ ಮಾಡಿದವರ ಮುಖದ ಹಾಗಿತ್ತು. ಇವತ್ತಿಗೂ ಕಣ್ಣು ಮುಚ್ಚಿದರೆ ಮೊದಲು ಬರುವುದು ಆ ಬಣ್ಣ. ಏನೂ ಆಗಿಲ್ಲ, ಸುಮ್ಮನೆ ತಲೆ ಸುತ್ತಿದೆ ಅಂತ ಒಂದು ಕ್ಷಣ ನಾನು ನಂಬಿಬಿಟ್ಟಿದ್ದೆ. ನಲ್ಲಿ ಮುಚ್ಚಿದ ಕೂಡಲೇ ಮೇಲಿನ ಉರಿ ಟಪ್ಪೆಂದು ಆರಿತು. ತಮ್ಮ ಅವಳ ಕಂಕುಳಿಗೆ ಕೈ ಹಾಕಿ ಎಳೆಯುತ್ತಿದ್ದವನು ಹೊಸಿಲ ಬಳಿ ಮೊಣಕಾಲೂರಿ ವಾಂತಿ ಮಾಡಿಕೊಂಡ. ನಾನು ಉಸಿರು ಬಿಗಿಹಿಡಿದು ಇಬ್ಬರನ್ನೂ ಎಳೆದೆ. ಯಾರನ್ನು ಮೊದಲು ಎಳೆದೆ ಅನ್ನುವುದು ನೆನಪಿಲ್ಲ.

ಸದ್ದು ಕೇಳಿ ಮೇಲಿನಿಂದ ಓನರ್ ಹೆಂಡತಿ ಇಳಿದು ಬಂದರು. ಅವರು ಟಿ.ವಿ. ನೋಡುತ್ತಿದ್ದರಂತೆ, ಬಾಗಿಲು ಒಡೆದಾಗ ಒಂಬತ್ತೂ ಮುಕ್ಕಾಲು. ಅಮ್ಮನಿಗೆ ಸೀರೆ ಸುತ್ತಿದ್ದು ಅವರೇ. ಆಟೋದವರು ಏನೂ ಕೇಳದೆ, ತಮಿಳಿನಲ್ಲಿ ದೇವರನ್ನು ಕರೆಯುತ್ತಾ, ಚರ್ಚಿಗೆ ಹೊರಟ ಜನರ ಮಧ್ಯೆ ಹಾರ್ನ್ ಒತ್ತಿಹಿಡಿದು ಕಂಟೋನ್ಮೆಂಟ್ ಕಡೆಯ ಆಸ್ಪತ್ರೆಗೆ ಹೊಡೆದರು. ಅಮ್ಮನ ತಲೆ ನನ್ನ ತೊಡೆಯ ಮೇಲಿತ್ತು. ಒದ್ದೆ ಕೂದಲಿನಿಂದ ಸೀಗೆಕಾಯಿ ವಾಸನೆ ಬರುತ್ತಿತ್ತು.

ಅಲ್ಲಿ ಮುಖಕ್ಕೆ ಆಕ್ಸಿಜನ್ ಹಾಕಿದ ಮೇಲೆ ಡಾಕ್ಟರು ಹೊರಬಂದು ಎರಡೇ ಪ್ರಶ್ನೆ ಕೇಳಿದರು. ಎಷ್ಟು ಹೊತ್ತು ಒಳಗಿದ್ದರು? ಪ್ರಜ್ಞೆ ತಪ್ಪಿ ಎಷ್ಟು ಹೊತ್ತಾಗಿತ್ತು? ಮೆದುಳಿಗೆ ಎಷ್ಟು ಪೆಟ್ಟಾಗಿರಬಹುದೆಂದು ಅಂದಾಜು ಮಾಡಲು ಅದು ಬೇಕು ಅಂದರು. ನಾನು ತಮ್ಮನ ಕಡೆ ತಿರುಗಿದೆ. ಅವನು ಗೋಡೆಗೆ ಒರಗಿ ನಿಂತಿದ್ದ, ಅಂಗಿಯ ಮೇಲೆ ವಾಂತಿಯ ಕಲೆ.

"ಒಳಗೆ ಹೋಗುವಾಗ ಹನ್ನೆರಡು ಸಾರ್," ಅಂದ. "ಮಗ್ಗು ಬಿದ್ದಾಗ ನಲವತ್ತೊಂದು. ನಾನು ಎದ್ದಾಗ ಐವತ್ತೆಂಟು. ಒಂದಕ್ಕೆ ಅರ್ಧ ನಿಮಿಷ. ಒಳಗಿದ್ದದ್ದು ಇಪ್ಪತ್ತಮೂರು ನಿಮಿಷ. ಬಿದ್ದ ಮೇಲೆ ಎಂಟೂವರೆ."

ಡಾಕ್ಟರು ಅವನನ್ನೇ ನೋಡಿದರು. ಏನನ್ನು ಎಣಿಸಿದ್ದು ಅಂತ ಕೇಳಲಿಲ್ಲ. ಬರೆದುಕೊಂಡು ಒಳಗೆ ಹೋದರು.

ಮಧ್ಯಾಹ್ನ ಸುದ್ದಿ ತಿಳಿದು ತಮ್ಮನ ಗೆಳೆಯ ಬಂದ. ಶಿವಾಜಿನಗರದಲ್ಲಿ ಅವರಪ್ಪನದು ಮೊಬೈಲ್ ಕವರ್‌ಗಳ ಅಂಗಡಿ. ಪಂದ್ಯ ಬಿಟ್ಟು, ನಮ್ಮ ಮನೆಗೆ ಹೋಗಿ, ಓನರ್ ಹತ್ತಿರ ಬೀಗ ತೆಗೆಸಿ ನನ್ನ ಪರ್ಸನ್ನೂ ಅಮ್ಮನ ಬಟ್ಟೆಗಳನ್ನೂ ತಂದಿದ್ದ. ಆಟದ ಯಂತ್ರವನ್ನೂ ತಂದಿದ್ದ. ಟೇಬಲ್ ಮೇಲೆ ಹಾಗೇ ಉರಿದು ಉರಿದು ಅದರ ಬ್ಯಾಟರಿ ಸತ್ತಿತ್ತು.

"ಸೇವ್ ಮಾಡಿದ್ದೆಯಾ ಮಗಾ?" ಅಂತ ಮೆಲ್ಲಗೆ ಕೇಳಿದ.

ತಮ್ಮ ಇಲ್ಲವೆಂದು ತಲೆಯಾಡಿಸಿದ. ಅಂದರೆ ಏನು ಅಂತ ನನಗೂ ಅಷ್ಟು ಹೊತ್ತಿಗೆ ಗೊತ್ತಿತ್ತು. ಅದನ್ನು ಮತ್ತೆ ಹಚ್ಚಿದರೆ ಪ್ರಾಣಿ ಗುಹೆಯ ಬಾಯಲ್ಲಿ ಹಿಂದಿನ ರಾತ್ರಿ ನಿಂತಲ್ಲೇ ನಿಂತಿರುತ್ತದೆ. ಐವತ್ತೆಂಟು ಬಾವಲಿಗಳೂ ಬದುಕಿರುತ್ತವೆ. ಆ ಬೆಳಗು ಅದರೊಳಗೆ ನಡೆದೇ ಇರುವುದಿಲ್ಲ. ಗೆಳೆಯ ಅದನ್ನು ಜೇಬಿಗೆ ಹಾಕಿಕೊಂಡು, ಟೀ ತರುತ್ತೇನೆಂದು ಎದ್ದುಹೋದ.

ಮಾರನೆಯ ದಿನ ಅಮ್ಮ ಕಣ್ಣು ಬಿಟ್ಟಳು. ವಾರದೊಳಗೆ ಮನೆಗೆ ಬಂದಳು. ಎಲ್ಲರೂ ದೇವರು ದೊಡ್ಡವನು ಅಂದರು. ಡಾಕ್ಟರು ಮಾತ್ರ ಹಾಗೆ ಅನ್ನಲಿಲ್ಲ. ಈ ವಿಷದ ಪೆಟ್ಟು ಕೆಲವರಲ್ಲಿ ಕೆಲವು ವಾರ ಬಿಟ್ಟು ಕಾಣಿಸಿಕೊಳ್ಳುತ್ತದೆ, ನಿಗಾ ಇಡಿ ಅಂದಿದ್ದರು. ಜನವರಿಯಲ್ಲಿ ಅದು ಬಂತು. ಹಾಲು ಉಕ್ಕುವುದನ್ನು ನೋಡುತ್ತಾ ನಿಂತಿರುತ್ತಿದ್ದಳು. ಅಪ್ಪ ಊಟಕ್ಕೆ ಬರುವುದು ಎಷ್ಟು ಹೊತ್ತಿಗೆ ಅಂತ ಕೇಳಿದಳು. ದಿನಾ ಏನಾದರೂ ಎಣಿಸಲು ಹಚ್ಚಿ, ಹೆಸರು ಹೇಳಿಸಿ ಅಂತ ಡಾಕ್ಟರು ಹೇಳಿದ್ದರಿಂದ ತಮ್ಮ ಅದೇ ಬೀಜಗಳನ್ನು ಅವಳ ಮುಂದೆ ಹರವಿದ. ಮೂವತ್ತು ವರ್ಷ ಮಗ್ಗಿ ಹೇಳಿಕೊಟ್ಟವಳು ಹದಿನೆಂಟರ ಹತ್ತಿರ ನಿಂತುಬಿಡುತ್ತಿದ್ದಳು. ಬೆರಳ ತುದಿಯಲ್ಲಿ ಬೀಜ ಹಿಡಿದು ನಮ್ಮ ಮುಖ ನೋಡುತ್ತಿದ್ದಳು. ತಮ್ಮ ಹತ್ತೊಂಬತ್ತು ಅನ್ನುತ್ತಿರಲಿಲ್ಲ, ಕಾಯುತ್ತಿದ್ದ. ಒಂದು ದಿನ ಬೀಜಗಳನ್ನು ಗೋಡೆಗೆ ಎಸೆದಳು. ಅವನು ನೆಲದ ಮೇಲೆ ತೆವಳಿ ಒಂದೂ ಬಿಡದೆ ಹೆಕ್ಕಿದ.

ರಾತ್ರಿಗಳ ಕಥೆ ಬೇರೆ. ಹಾಲ್‌ನಲ್ಲಿ ಅಮ್ಮನ ಎರಡು ಪಕ್ಕಕ್ಕೂ ನಾವಿಬ್ಬರು ಮಲಗುತ್ತಿದ್ದೆವು. ನನಗೆ ನಿದ್ದೆ ಹತ್ತುವಷ್ಟರಲ್ಲಿ ನಲ್ಲಿಯ ಸದ್ದು ಶುರುವಾಗುತ್ತಿತ್ತು. ಎದ್ದರೆ ಯಾವ ನಲ್ಲಿಯೂ ಸುರಿಯುತ್ತಿರಲಿಲ್ಲ. ಅವಳ ಮೂಗಿನ ಬಳಿ ಅಂಗೈ ಹಿಡಿದು ಉಸಿರು ತಾಗುವವರೆಗೆ ಕಾಯಬೇಕಿತ್ತು. ತಮ್ಮನೂ ಹಾಗೇ ಏಳುತ್ತಿದ್ದ. ಒಬ್ಬರು ನೋಡಿದ್ದು ಇನ್ನೊಬ್ಬರಿಗೆ ಗೊತ್ತಾಗಲಿ ಎಂದು, ಎದ್ದವರು ತಲೆದೆಸೆಯ ಲೋಟಕ್ಕೆ ಒಂದು ಬೀಜ ಹಾಕಬೇಕು ಅನ್ನುವ ಕ್ರಮ ಮಾಡಿದ. ಅದರಿಂದ ಯಾರ ನಿದ್ದೆಯೂ ಹೆಚ್ಚಾಗಲಿಲ್ಲ. ಬೆಳಗ್ಗೆ ಲೋಟದಲ್ಲಿ ಹತ್ತು ಹನ್ನೆರಡು ಬೀಜ ಇರುತ್ತಿದ್ದವು.

"ಏನ್ರೋ ಅದು ರಾತ್ರಿಯೆಲ್ಲಾ ಟಣ್ ಟಣ್ ಅಂತ," ಅಂದಳು ಅಮ್ಮ ಒಂದು ಸಲ, ಕತ್ತಲಲ್ಲಿ. "ನಾನಿನ್ನೂ ಸತ್ತಿಲ್ಲ. ಮಲ್ಕೊಳ್ರೋ."

ಗೀಸರನ್ನು ಓನರ್ ಕಿತ್ತಿಸಿದರು. ರಟ್ಟು ತೆಗೆದೆವು. ಒಡೆದ ಚಿಲಕ ಮಾತ್ರ ಮತ್ತೆ ಹಾಕಿಸಲಿಲ್ಲ. ಒಲೆಯ ಮೇಲೆ ಕಾಯಿಸಿದ ನೀರು ಬಕೆಟ್ಟಿಗೆ ಸುರಿದು ಕೊಡುತ್ತಿದ್ದೆವು. ಅವಳು ಸ್ನಾನ ಮಾಡುವಷ್ಟು ಹೊತ್ತೂ ನಮ್ಮಲ್ಲೊಬ್ಬರು ಬಾಗಿಲಾಚೆ ಕೂತು ಮಾತಾಡಿಸುತ್ತಲೇ ಇರುತ್ತಿದ್ದೆವು. ಅವಳಿಗೆ ಅದು ಹಿಂಸೆಯಾಗುತ್ತಿತ್ತು.

ಫೆಬ್ರವರಿ ಮುಗಿಯುವ ಹೊತ್ತಿಗೆ ಒಂದು ಸೋಮವಾರ ಸಂಜೆ ನಾನು ಆಫೀಸಿನಿಂದ, ತಮ್ಮ ಕಾಲೇಜಿನಿಂದ ಒಟ್ಟಿಗೇ ಬಂದೆವು. ಹಗಲು ಅವಳ ಜೊತೆ ಇರುತ್ತಿದ್ದ ಓನರ್ ಹೆಂಡತಿ ಆಗಷ್ಟೇ ಮೇಲೆ ಹೋಗಿದ್ದರು. ಗೇಟಿನಲ್ಲೇ ಸುಟ್ಟ ವಾಸನೆ ಮೂಗಿಗೆ ಬಡಿದು ಇಬ್ಬರೂ ಓಡಿದೆವು. ಅಡುಗೆಮನೆಯಲ್ಲಿ ಅಮ್ಮ ಬಾಣಲೆಯ ಮುಂದೆ ನಿಂತು ಏನನ್ನೋ ಕೈಯಾಡಿಸುತ್ತಿದ್ದಳು. ಕಿಟಕಿ ಪೂರ್ತಿ ತೆರೆದಿತ್ತು. ಟೇಬಲ್ಲಿನ ಮೇಲೆ ಲೋಟವೂ ತಟ್ಟೆಯೂ ಡಬ್ಬಿಯೂ ಖಾಲಿ.

"ಬೀಜ ಹುರಿದೆ," ಅಂದಳು. "ಸುಮ್ನೆ ಬಿದ್ದಿತ್ತು. ತಿನ್ರಿ, ಬಿಸಿ ಇದೆ."

ತಮ್ಮ ಏನೋ ಹೇಳಲು ಹೋದ. ಅವಳು ಸ್ಕ್ರೀನ್ ನೋಡುವವರ ಹಾಗೆ ಬಾಣಲೆಯನ್ನೇ ನೋಡುತ್ತಾ ಒಂದು ಬೆರಳು ಎತ್ತಿದಳು. ಅವು ಯಾವ ಬೀಜಗಳೆಂದು ಅವಳಿಗೆ ನೆನಪಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಮೂವರೂ ನೆಲದ ಮೇಲೆ ಕೂತು ಸಿಪ್ಪೆ ಬಿಡಿಸಿ ತಿಂದೆವು. ಕಲ್ಲಿನ ಹಾಗಿದ್ದವು. ಬಾಯಲ್ಲಿ ತುಂಬಾ ಹೊತ್ತು ಇಟ್ಟುಕೊಂಡು ನೆನೆಸಿ ಅಗಿಯಬೇಕಿತ್ತು. ಒಂದನ್ನೂ ಉಳಿಸಲಿಲ್ಲ.

ಆ ರಾತ್ರಿ ಲೋಟಕ್ಕೆ ಹಾಕಲು ಏನೂ ಇರಲಿಲ್ಲ. ದೀಪ ಆರಿಸಿದ್ದು ನೆನಪಿದೆ. ಆಮೇಲೆ ಎಚ್ಚರವಾದಾಗ ಬಿಸಿಲು ಹಾಲ್‌ನ ನೆಲದ ಅರ್ಧಕ್ಕೆ ಬಂದಿತ್ತು. ತಮ್ಮ ಬಾಯಿ ತೆರೆದು ಮಲಗಿದ್ದ. ಅಮ್ಮನ ಹಾಸಿಗೆ ಮಡಚಿಟ್ಟಿತ್ತು. ಬಚ್ಚಲಿನಿಂದ ನೀರು ಸುರಿದುಕೊಳ್ಳುವ ಸದ್ದು ಬಂತು. ನಾನು ಎದ್ದು ಕೂತೆ. ಸದ್ದು ನಿಂತಿತು. ಮಗ್ಗನ್ನು ಯಾರೋ ನೆಲಕ್ಕೆ ಮೆಲ್ಲಗೆ ಇಟ್ಟದ್ದು ಕೇಳಿಸಿತು. ಮಂಗಳವಾರ ಅದು, ಆಫೀಸಿನ ಹೊತ್ತು ಮೀರಿತ್ತು.