ಹದಿನೇಳು ಎಂದವರು ಯಾರು

ದೆವ್ವ, ಮುನ್ಸೂಚನೆ ಇಂಥವನ್ನು ನಾನು ನಂಬಿದವನಲ್ಲ. ಯಾರಾದರೂ ಹೇಳಿದರೆ, ಪಾಪ, ಸರಿಯಾಗಿ ನಿದ್ದೆ ಆಗಿರಲಿಕ್ಕಿಲ್ಲ ಎಂದುಕೊಳ್ಳುತ್ತಿದ್ದೆ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ನಡೆದದ್ದನ್ನಷ್ಟೇ ಬರೆಯುತ್ತೇನೆ.

ತೊಂಬತ್ತರ ದಶಕದ ಕೊನೆ. ಸಂಪಗಾಂವದ ಹತ್ತಿರದ ಒಂದು ಶಾಲೆಯಲ್ಲಿ ನಾನು ಏಳನೆಯ ತರಗತಿಯ ಮಾಸ್ತರ. ನನ್ನ ಒಬ್ಬಳೇ ಮಗಳು ಶೈಲಾ ಅದೇ ತರಗತಿಯಲ್ಲಿದ್ದಳು. ಆ ವರ್ಷ ಶ್ರಾವಣದಲ್ಲಿ ನಾಲ್ಕು ದಿನದ ಜ್ವರಕ್ಕೆ ತೀರಿಕೊಂಡಳು. ಹಾಜರಿಯಲ್ಲಿ ಅವಳ ನಂಬರ್ ಹದಿನೇಳು. ಅವಳ ನಂತರದ ಮಕ್ಕಳಿಗೆ ಹೊಸ ನಂಬರ್ ಕೊಡಬೇಕಿತ್ತು. ನನ್ನ ಕೈಯಿಂದ ಆಗಲಿಲ್ಲ. ಹೆಡ್‌ಮಾಸ್ತರರೂ ಒತ್ತಾಯ ಮಾಡಲಿಲ್ಲ. ಮಕ್ಕಳೇ ರೂಢಿ ಮಾಡಿಕೊಂಡರು. ಹದಿನಾರು ಆದ ಮೇಲೆ ಒಂದು ಕ್ಷಣ ಸುಮ್ಮನಿದ್ದು, ಹದಿನೆಂಟು ಎನ್ನುತ್ತಿದ್ದರು.

ಚಳಿಗಾಲದಲ್ಲಿ ದಾಂಡೇಲಿ ಕಡೆಯ ಅಭಯಾರಣ್ಯಕ್ಕೆ ಪ್ರವಾಸ ಹೋದೆವು. ಮೂವತ್ತೇಳು ಮಕ್ಕಳು, ನಾನು, ಇನ್ನೊಬ್ಬ ಶಿಕ್ಷಕಿ ದಾನಮ್ಮ ಅಕ್ಕೋರು, ಡ್ರೈವರ್ ಮೌಲಾಸಾಬ. ಬಸ್ಸು ಎಲ್ಲಿ ನಿಂತರೂ, ಹೊರಡುವ ಮುಂಚೆ ಮಕ್ಕಳು ಕುಳಿತಲ್ಲಿಂದಲೇ ನಂಬರ್ ಕೂಗಬೇಕು. ಕೊನೆಯ ನಂಬರ್ ಮೂವತ್ತೆಂಟು ಬಂದರೆ ಬಸ್ಸು ಬಿಡಬೇಕು. ತಲೆ ಎಣಿಸುತ್ತಿರಲಿಲ್ಲ. ಅದು ನನ್ನ ತಪ್ಪು.

ಸಂಜೆ ನದಿಯ ದಂಡೆಯ ಮೇಲೆ ಬುತ್ತಿ ಬಿಚ್ಚಿದೆವು. ಮಕ್ಕಳು ನೀರಿಗೆ ರೊಟ್ಟಿಯ ಚೂರು ಎಸೆಯುತ್ತಿದ್ದರು.

"ಲೇ, ಮೊಸಳಿಗೆ ರೊಟ್ಟಿ ರುಚಿ ಹಚ್ಚಬ್ಯಾಡ್ರೋ," ಎಂದ ಮೌಲಾಸಾಬ. "ಸಂಪಗಾಂವ ತನಕ ಬಸ್ಸಿನ ಬೆನ್ನು ಹತ್ತತೈತಿ. ಟಿಕೀಟು ಯಾರು ತಗಸವ್ರು?"

ಶ್ರಾವಣದ ನಂತರ ನಾನು ನಕ್ಕದ್ದು ಅಂದೇ.

ಅಷ್ಟರಲ್ಲಿ ಅರಣ್ಯದ ಕಾವಲುಗಾರ ಬಂದ. "ಲಗೂ ಹೊಂಡ್ರಿ ಸರ. ಸಂಜಿಗೆ ಮ್ಯಾಲಿನ ಡ್ಯಾಮಿನಿಂದ ನೀರು ಬಿಡತಾರ."

ಎಲ್ಲರೂ ಬಸ್ಸು ಹತ್ತಿದರು. ಒಳಗೆ ಆಗಲೇ ಮಬ್ಬುಗತ್ತಲೆ. ನಾನು ಬಾಗಿಲ ಬಳಿ ನಿಂತು ಕೇಳುತ್ತಿದ್ದೆ. ಹದಿನಾಲ್ಕು, ಹದಿನೈದು, ಹದಿನಾರು. ಹದಿನೇಳು.

ನಡುವೆ ಬಿಡುವೇ ಇರಲಿಲ್ಲ. ಒಂದು ಹುಡುಗಿಯ ದನಿ, ಸಹಜವಾಗಿ, ತನ್ನ ಸರದಿ ಬಂತೆನ್ನುವಂತೆ. ಎಣಿಕೆ ಮೂವತ್ತೆಂಟರವರೆಗೂ ಹೋಯಿತು. "ಎಲ್ಲಾರೂ ಅದಾರ, ಬಿಡ್ರಿ," ಎಂದರು ಅಕ್ಕೋರು. ಅವರಿಗೆ ಅದು ಕೇಳಿಸಿರಲಿಲ್ಲ.

"ಹದಿನೇಳು ಅಂದವರು ಯಾರು?" ನಾನು ಕೂಗಿದೆ.

"ಯಾರೂ ಅಂದಿಲ್ಲರಿ ಸರ," ಎಂದಳು ಹದಿನೆಂಟನೆಯ ನಂಬರಿನ ಹುಡುಗಿ. "ನಾ ಸುಮ್ಮನ ಕುಂತು, ಆಮ್ಯಾಲೆ ಹದಿನೆಂಟು ಅಂದೇನ್ರಿ."

ಸತ್ತ ಮಗುವಿನ ಹೆಸರಿನಲ್ಲಿ ಚೇಷ್ಟೆ ಮಾಡುತ್ತಿದ್ದಾರೆಂದು ನನಗೆ ಸಿಟ್ಟು ಬಂತು. ಬಸ್ಸು ಬಿಡಬೇಡವೆಂದು ಹೇಳಿ, ಒಬ್ಬೊಬ್ಬರ ಮುಖಕ್ಕೂ ಬ್ಯಾಟರಿ ಹಿಡಿದು, ನೀನಾ, ನೀನಾ ಎಂದು ಕೇಳುತ್ತಾ ಹಿಂದಿನ ಸೀಟಿನವರೆಗೆ ಹೋದೆ. ಮುಖಗಳು ಮೂವತ್ತಾರೇ ಇದ್ದವು.

ಗಂಗವ್ವ ಎಂಬ ಹುಡುಗಿ ಅಳತೊಡಗಿದಳು. "ನೀಲವ್ವ ಚಪ್ಪಲಿ ಮರತು ಬಂದಿದ್ಲ್ರಿ. ತರಾಕ ಹೋದ್ಲು. ನೀವು ಬೈತೀರಂತ ಆಕಿ ನಂಬರ್ ನಾನ ಅಂದೇನ್ರಿ."

"ಹದಿನೇಳೂ ನೀನ ಅಂದೆ?"

"ಇಲ್ಲರಿ ಸರ. ನಮ್ಮವ್ವನ ಆಣಿ."

ದಂಡೆಗೆ ಓಡಿದೆವು. ನೀಲವ್ವನ ಕಾಲು ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡಿತ್ತು. ನೀರು ಸೊಂಟಕ್ಕೆ ಬಂದಿತ್ತು. ಕೂಗಿ ಕೂಗಿ ಅವಳ ಗಂಟಲು ಕಟ್ಟಿತ್ತು. ಮೌಲಾಸಾಬನೂ ಕಾವಲುಗಾರನೂ ನೀರಿಗಿಳಿದು, ಅವಳ ಕಾಲಿನ ಚರ್ಮ ಕಿತ್ತುಹೋದರೂ ಬಿಡದೆ ಎಳೆದು ತಂದರು. ದಂಡೆ ಹತ್ತಿ ತಿರುಗಿ ನೋಡಿದಾಗ ಆ ಬಂಡೆಗಳು ಕಾಣಲಿಲ್ಲ.

ಮರುದಿನವೂ ಕೇಳಿದೆ. ಬೈಯುವುದಿಲ್ಲ ಎಂದೆ. ಒಂದು ಮಗುವೂ ಒಪ್ಪಲಿಲ್ಲ, ಕೇಳಿಸಿತು ಎಂದೂ ಹೇಳಲಿಲ್ಲ. ನನ್ನ ಕಿವಿಯ ಭ್ರಮೆಯೇ ಇರಬಹುದು. ಆದರೆ ಆ ಭ್ರಮೆ ಅದೇ ಸಂಜೆ ಏಕೆ ಬಂತು ಎಂದು ಯೋಚಿಸಿದರೆ ಮುಂದೆ ದಾರಿ ಕಾಣುವುದಿಲ್ಲ.

ಹೆಂಡತಿಗೆ ಹೇಳಬಾರದೆಂದಿದ್ದೆ. ವಾರದ ಮೇಲೆ ಹೇಳಿಬಿಟ್ಟೆ. ಅವಳು ಅಳಲಿಲ್ಲ, ಅನುಮಾನವನ್ನೂ ಪಡಲಿಲ್ಲ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಒಂದೇ ಮಾತು ಕೇಳಿದಳು. "ದನಿ ಆಕಿದ ಇತ್ತೇನ್ರಿ?"

ನೆನಪು ಮಾಡಿಕೊಳ್ಳಲು ನೋಡಿದೆ. ಬಸ್ಸಿನಲ್ಲಿ ಕೇಳಿದ ದನಿ ಕಿವಿಯಲ್ಲಿ ಸ್ಪಷ್ಟವಾಗಿತ್ತು. ಅದರ ಪಕ್ಕಕ್ಕೆ ಇಟ್ಟು ನೋಡಲು ನನ್ನ ಮಗಳ ದನಿಯೇ ಸಿಗಲಿಲ್ಲ. ನಾಲ್ಕೇ ತಿಂಗಳಲ್ಲಿ ಅದು ನನ್ನಿಂದ ಹೋಗಿಬಿಟ್ಟಿತ್ತು.

"ಗೊತ್ತಾಗಲಿಲ್ಲ," ಎಂದೆ.

ಅವಳು ಮತ್ತೆಂದೂ ಕೇಳಲಿಲ್ಲ.