ನನಗೆ ಬೀಳದ ಒದೆ

ಮಗಳಿಗೆ ರಾಣೇಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತೆಂದು ತಿಳಿದ ದಿನ ನಮ್ಮ ಮನೆಯಲ್ಲಿ ಇಬ್ಬರು ಸಂತೋಷಪಟ್ಟರು. ಮೂರನೆಯವನು ನಾನು. ನನಗೂ ಸಂತೋಷವಾಗುವುದರಲ್ಲಿತ್ತು, ಅಷ್ಟರಲ್ಲಿ ಅವಳು "ಸಂಜೀಕ ಆರೂವರಿಗೆ ಬಿಡ್ತಾರಂತಪ್ಪಾ" ಎಂದಳು. ಆರೂವರೆಗೆ ಬಿಟ್ಟರೆ ಬಸ್ ಸ್ಟ್ಯಾಂಡಿಗೆ ಬರುವುದು ಯಾವಾಗ, ಬಸ್ಸು ಸಿಗುವುದು ಯಾವಾಗ, ಹಾವೇರಿಯಲ್ಲಿ ಇಳಿದು ನಮ್ಮ ಬಡಾವಣೆಯವರೆಗೆ, ಅರ್ಧ ದೀಪ ಉರಿಯದ ಆ ರಸ್ತೆಯಲ್ಲಿ, ಒಬ್ಬಳೇ ನಡೆಯುವುದು ಹೇಗೆ ಎಂದು ನನ್ನ ತಲೆಯೊಳಗಿನ ಗುಮಾಸ್ತ ಟಿಪ್ಪಣಿ ಬರೆಯಲು ಕುಳಿತೇಬಿಟ್ಟ.

ತಲೆಯ ಹೊರಗೂ ನಾನು ಗುಮಾಸ್ತನೇ. ಇಲ್ಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತೈದು ವರ್ಷದಿಂದ ಕಡತ ನೋಡುತ್ತಿದ್ದೇನೆ. ಯಾವ ವಿಷಯ ಬಂದರೂ ಅದರಿಂದ ಆಗಬಹುದಾದ ಕೆಟ್ಟದ್ದನ್ನೆಲ್ಲ ಮೊದಲು ಬರೆದು, ಕೊನೆಗೆ "ಆದೇಶಕ್ಕಾಗಿ ಮಂಡಿಸಿದೆ" ಎಂದು ಮೇಲಿನವರ ಮೇಜಿಗೆ ದಾಟಿಸುವುದು ನನ್ನ ಕೆಲಸ. ಮನೆಯಲ್ಲಿ ದಾಟಿಸಲು ಮೇಲಿನವರಿಲ್ಲ. ಮಗಳು ಅದನ್ನೇ ಹಿಡಿದಳು.

"ನೀ ಹೋಗು ಅಂದ್ರ ಹೋಗ್ತೀನಿ, ಬ್ಯಾಡ ಅಂದ್ರ ಬಿಡ್ತೀನಿ. ಆದ್ರ ಸೇರೋ ತಾರೀಖು ಬರೋದ್ರೊಳಗ ಬಾಯಿಬಿಟ್ಟು ಹೇಳಬೇಕು ನೋಡು."

ಅವಳಿಗೆ ಇಪ್ಪತ್ತಮೂರು ವರ್ಷ. ಜಗಳವಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಸೇರಲು ಎರಡು ತಿಂಗಳಿತ್ತು. ಕರಾಟೆ ಕ್ಲಾಸಿಗೆ ಹೋಗು, ಕಲಿತರೆ ಕಳಿಸುತ್ತೇನೆ ಎಂದೆ. ಏನು ಕಲಿಸುತ್ತಾರೋ ನೋಡಬೇಕಲ್ಲ ಎಂದು ನಾನೂ ಹೆಸರು ಬರೆಸಿದೆ. ಹೆಂಡತಿ ನನ್ನ ಹೊಟ್ಟೆಯನ್ನೊಮ್ಮೆ ನೋಡಿ, "ಆತ್ರಿ, ಹೋಗಿ ಬರ್ರಿ. ಬರೋವಾಗ ಕೊತ್ತಂಬ್ರಿ ತರ್ರಿ" ಎಂದಳು.

ಕಲಿಸುವವನು ಮೂವತ್ತೈದರ ಆಸುಪಾಸಿನ, ಮಾತಿನಲ್ಲಿ ಬಹಳ ಮರ್ಯಾದೆಯ ಮನುಷ್ಯ. ಹಗಲು ಶಾಲೆಯ ವ್ಯಾನು ಓಡಿಸುತ್ತಿದ್ದ, ಸಂಜೆ ಒಂದು ಹಳೆಯ ಗೋದಾಮಿನಲ್ಲಿ ಚಾಪೆ ಹಾಸಿ ಕ್ಲಾಸು ನಡೆಸುತ್ತಿದ್ದ. ಶಾಲೆಯ ಮಕ್ಕಳು, ನಾಲ್ಕೈದು ಹೆಣ್ಣುಮಕ್ಕಳು, ಮತ್ತು ನಾನು. ಮೊದಲ ವಾರದಲ್ಲೇ ನಾನೊಂದು ನೂರು ಹಾಳೆಯ ನೋಟ್‌ಬುಕ್ ತೆರೆದೆ. ಮಣಿಕಟ್ಟು ಹಿಡಿದರೆ, ಕೊರಳಪಟ್ಟಿ ಹಿಡಿದರೆ, ಹಿಂದಿನಿಂದ ತಬ್ಬಿದರೆ, ಹೀಗೆ ಒಂದೊಂದಕ್ಕೂ ಶೀರ್ಷಿಕೆ ಕೊಟ್ಟು, ಬಾಣದ ಗುರುತು ಹಾಕಿ, ಕಡ್ಡಿ ಮನುಷ್ಯರ ಚಿತ್ರ ಬರೆದೆ. ಮೊಬೈಲಿನಲ್ಲಿ ಸಿಕ್ಕ ವಿಡಿಯೊಗಳನ್ನು ನೋಡಿ ಅಡಿಟಿಪ್ಪಣಿಯನ್ನೂ ಸೇರಿಸಿದೆ. ಮೂರನೆಯ ವಾರಕ್ಕೆ ನಾನು ಮಕ್ಕಳ ತಪ್ಪು ತಿದ್ದತೊಡಗಿದ್ದೆ.

ಒಂದು ಸಂಜೆ ಮಾಸ್ತರ್ ನನ್ನ ಮಣಿಕಟ್ಟು ಹಿಡಿದ. "ಬಿಡಿಸ್ಕೋರಿ ಸಾಹೇಬ್ರ."

"ಹಿಡದವನ ಹೆಬ್ಬೆರಳು ಮತ್ತ ಉಳಿದ ಬೆರಳಿನ ನಡುವ ಒಂದು ಸಂದು ಇರ್ತೈತಿ," ಎಂದೆ ನಾನು. "ಅವನ ಹಿಡಿತ ಅಲ್ಲೇ ಸಡಿಲ. ಅದಕ್ಕ ನಮ್ಮ ಕೈ ಆ ಕಡಿಗೇ ತಿರುವಬೇಕು."

"ಖರೇ ಐತ್ರಿ. ಬಿಡಿಸ್ಕೋರಿ."

"ತಿರುವೂಮುಂದ ಮೊಣಕೈ ಮುಂದಕ್ಕ ತರಬೇಕು, ಇಲ್ಲಾಂದ್ರ ಬರೇ ತೋಳಿನ ಬಲ ಆಗತೈತಿ..."

"ಅದೂ ಖರೇರಿ. ಆದ್ರ ನಿಮ್ಮನ್ನ ಹಿಡದವ ಇಷ್ಟೊತ್ತಿಗೆ ಮೊಬೈಲು, ಗಡಿಯಾರ ತಗೊಂಡು, ಚಾ ಕುಡದು, ಎಲಿ ಹಾಕ್ಕೊಳ್ಳಾಕ ಹೋಗಿರ್ತಾನ."

ಮಕ್ಕಳು ನಕ್ಕರು. ಮಗಳೂ ನಕ್ಕಳು, ಆದರೆ ಬೇರೆ ಕಡೆ ಮುಖ ತಿರುಗಿಸಿಕೊಂಡು.

ನಾನು ಹೇಗೂ ಹಾಗೇ ಎಂದು ಬಿಟ್ಟುಬಿಡಬಹುದಿತ್ತು. ಚಿಂತೆ ಶುರುವಾದದ್ದು ಒದೆಯುವ ಪಾಠ ಬಂದಾಗ. ಮಾಸ್ತರ್ ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ, ಮೊಣಕಾಲ ಕೆಳಗೆ ಮೆಲ್ಲಗೆ ಒದೆಯಿರಿ ಎಂದ. ಒದೆಯುವುದೇನೋ ಎಲ್ಲರೂ ಒದ್ದರು. ಒದ್ದ ಕೂಡಲೇ ಪ್ರತಿಯೊಬ್ಬರೂ ಬಗ್ಗಿ, ಎದುರಿನವರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಕಾಲು ತಾಗಿತಲ್ಲ. ಇಡೀ ಗೋದಾಮಿನಲ್ಲಿ ಒದೆ, ನಮಸ್ಕಾರ, ಒದೆ, ನಮಸ್ಕಾರ. ಮುಸಲ್ಮಾನರ ಮನೆಯ ಒಂದು ಹುಡುಗಿ ಉಳಿದವರನ್ನು ನೋಡಿ ತಾನೂ ಒತ್ತಿಕೊಂಡಳು. ಮಾಸ್ತರ್ ಹಣೆ ಚಚ್ಚಿಕೊಂಡ.

"ಅಲ್ರವ್ವಾ, ಬಗ್ಗಿದಾಗ ನಿಮ್ಮ ಕುತ್ತಿಗಿ ಎಲ್ಲಿ ಬರತೈತಿ ನೋಡ್ರಿ! ಸೀದಾ ಅವನ ಕೈಯಾಗ! ಇವತ್ತಿನಿಂದ ಇಲ್ಲಿ ನಮಸ್ಕಾರ ಬಂದ್."

ಬಂದ್ ಮಾಡಲು ಎಂಟು ದಿನ ಹಿಡಿಯಿತು. ಮಗಳು ಬೇಗ ಕಲಿತಳು. ಮೆತ್ತೆಯ ಪ್ಯಾಡ್ ಹಿಡಿದರೆ ಅದು ಹಿಡಿದವರೇ ಎರಡು ಹೆಜ್ಜೆ ಹಿಂದೆ ಸರಿಯುವಂತೆ ಒದೆಯುತ್ತಿದ್ದಳು. ಆದರೆ ನನ್ನ ಎದುರು ನಿಂತರೆ ಅವಳ ಕಾಲು ನನ್ನ ಕಾಲಿಗೆ ನಾಲ್ಕು ಬೆರಳು ದೂರದಲ್ಲೇ ನಿಲ್ಲುತ್ತಿತ್ತು. ಗೋಡೆ ಇದ್ದಹಾಗೆ.

"ಅಪ್ಪಗ ಕಾಲು ಹಚ್ಚಾಕ ಆಗಂಗಿಲ್ರಿ ಸರ್."

"ಅಪ್ಪ ಅಲ್ಲವ್ವಾ, ಕಳ್ಳ ಅನ್ಕೋ."

ಅವಳು ನನ್ನನ್ನು ಕಳ್ಳನೆಂದುಕೊಳ್ಳಲು ಪ್ರಾಮಾಣಿಕವಾಗಿ ಪ್ರಯತ್ನಿಸಿದಳು. ಆಗಲಿಲ್ಲ. ನಾನೂ ಹೆದರಿಸುವಂತೆ ಹುಬ್ಬು ಗಂಟಿಕ್ಕಿದೆ. ಅದರಿಂದ ಅವಳಿಗೆ ನಗು ಬಂತು, ಅಷ್ಟೇ.

ಅಲ್ಲಿಗೆ ನನ್ನ ನಿದ್ದೆ ಹೋಯಿತು. ಪ್ಯಾಡು ಯಾರ ಕೈಯನ್ನೂ ಹಿಡಿಯುವುದಿಲ್ಲ. ಹಿಡಿಯುವವನು ಮನುಷ್ಯ, ಮನುಷ್ಯನಿಗೆ ಇವಳ ಕಾಲು ಜೋರಾಗಿ ತಾಗಿದ್ದನ್ನು ನಾನು ನೋಡಿಲ್ಲ. ಒದೆಯಲು ಬರುತ್ತದೆ, ಸರಿ. ಒದೆಯಲು ಆಗುತ್ತದೆಯೆ? ಕ್ಲಾಸಿಗೆ ಸೇರುವ ಮೊದಲು ಒಂದೇ ಚಿಂತೆಯಿತ್ತು, ಈಗ ಅದಕ್ಕೆ ಉಪಶೀರ್ಷಿಕೆಗಳು ಹುಟ್ಟಿಕೊಂಡವು. ಸೇರುವ ದಿನಕ್ಕೆ ಹತ್ತು ದಿನ ಉಳಿದಿತ್ತು. ಆಗ ನನಗೆ ಹೊಳೆದದ್ದನ್ನು ಇವತ್ತು ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ. ಅಪ್ಪನೆಂದು ಗೊತ್ತಿರುವುದರಿಂದ ತಾನೆ ಒದೆಯುವುದಿಲ್ಲ? ಗೊತ್ತಾಗದ ಹಾಗೆ ಹಿಡಿದರೆ? ಒದೆ ಬಿದ್ದರೆ ಅವತ್ತೇ ಹೋಗು ಎನ್ನುವುದು, ಬೀಳದಿದ್ದರೆ ಬೇಡ ಎನ್ನುವುದು. ಕಡತ ಮುಕ್ತಾಯ.

ಬ್ಯಾಡಗಿಯಲ್ಲಿರುವ ನನ್ನ ತಂಗಿ ನಮಗೆಂದು ವರ್ಷದ ಖಾರದ ಪುಡಿ ಕುಟ್ಟಿಸಿ ಇಟ್ಟಿದ್ದಳು. ಮಗಳು ತರಲು ಹೊರಟ ದಿನ ನಾನು ಅರ್ಧ ದಿನ ರಜೆ ಬರೆದು, ಅವಳಿಗಿಂತ ಮೊದಲಿನ ಬಸ್ಸು ಹಿಡಿದೆ. ಸಹೋದ್ಯೋಗಿಯಿಂದ ಚೌಕಳಿಯ ಅಂಗಿ ಇಸಿದುಕೊಂಡಿದ್ದೆ, ಬೂಟಿನ ಬದಲು ಚಪ್ಪಲಿ ಹಾಕಿದ್ದೆ. ಮುಖಕ್ಕೆ ಟವೆಲ್ ಸುತ್ತಿಕೊಂಡೆ. ಬೇರೆ ಊರಾಗಿದ್ದರೆ ಜನ ಸಂಶಯಪಡುತ್ತಿದ್ದರು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿಯಲ್ಲಿ ಅರ್ಧ ಊರೇ ಮೂಗು ಬಾಯಿ ಮುಚ್ಚಿಕೊಂಡು ಓಡಾಡುತ್ತದೆ. ಮಾರುಕಟ್ಟೆಯ ಚೀಲಗಳಿಂದ ಏಳುವ ಘಾಟು ಗಂಟಲಿಗೆ ಹತ್ತುತ್ತದೆ. ನನ್ನ ಮೂಗಿಗೂ ಹತ್ತಿತು. ತಂಗಿಯ ಮನೆಯ ಓಣಿ ಶುರುವಾಗುವಲ್ಲಿ ಒಂದು ಲಾರಿಯ ಹಿಂದೆ ನಿಂತು ನಾನು ಸೀನು ತಡೆಯುತ್ತಿದ್ದೆ.

ಮಗಳು ಬಂದಳು, ಚೀಲ ಎಡ ಹೆಗಲಿಗೆ ಹಾಕಿಕೊಂಡು. ದಾಟಿ ಹೋಗಲು ಬಿಟ್ಟು, ಹಿಂದಿನಿಂದ ಹೋಗಿ ಅವಳ ಬಲಗೈಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದೆ.

ಅವಳು ನಿಂತಳು. ಎಳೆಯಲಿಲ್ಲ, ತಿರುವಲಿಲ್ಲ, ಕೂಗಲಿಲ್ಲ. ಹಿಂತಿರುಗಿ ನೋಡಲೂ ಇಲ್ಲ. ಆ ಕೈ ನನ್ನ ಕೈಯಲ್ಲಿ ಸುಮ್ಮನೆ ಇತ್ತು. ಒದಿ, ಒದಿ ಎಂದು ನಾನು ಒಳಗೊಳಗೇ ಅನ್ನುತ್ತಿದ್ದೆ. ಮೂರು ಉಸಿರಿನಷ್ಟು ಹೊತ್ತು ಇಬ್ಬರೂ ಹಾಗೇ ನಿಂತಿದ್ದೆವು. ಈ ಗಡಿಬಿಡಿಯಲ್ಲಿ ಯಾವಾಗಲೋ ನಾನು ಸೀನಿದ್ದೆ. ಯಾವಾಗ ಎಂಬುದೇ ಮುಂದೆ ದೊಡ್ಡ ಪ್ರಶ್ನೆಯಾಯಿತು.

ಅಷ್ಟರಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರು ನಾಲ್ಕೈದು ಜನ ಊಟಕ್ಕೆಂದು ಆ ಕಡೆಯಿಂದ ಬಂದರು. ಮುಂದಿದ್ದ ಮುದುಕಿ ನಮ್ಮನ್ನು ನೋಡಿದವಳೇ ನನ್ನ ಕೊರಳಪಟ್ಟಿಗೆ ಕೈಹಾಕಿದಳು.

"ಏ ಭಾಡ್ಯಾ! ಹಾಡಹಗಲಿ ಹುಡುಗಿ ಕೈ ಹಿಡೀತಿ? ತೆಗಿ ಮಾರಿ ಮ್ಯಾಲಿಂದು!"

ಇನ್ನೊಂದು ಕೈಯಿಂದ ಟವೆಲನ್ನು ಕಿತ್ತಳು. ಬೆಳಗಿನಿಂದ ಮೆಣಸಿನಕಾಯಿ ಬಿಡಿಸಿದ ಆ ಬೆರಳುಗಳು ನನ್ನ ಕಣ್ಣ ಮೇಲೆ ಒರೆಸಿಕೊಂಡು ಹೋದವು. ಕೊರಳಪಟ್ಟಿಗೆ ನನ್ನ ನೋಟ್‌ಬುಕ್ಕಿನಲ್ಲಿ ಆರು ಪುಟಗಳಿವೆ. ಒಂದಾದರೂ ನೆನಪಾಯಿತೆ? ನಾನು ಎರಡೂ ಕೈ ಜೋಡಿಸಿ, "ತಪ್ಪಾತು ಯವ್ವಾ, ತಪ್ಪಾತು" ಎನ್ನುತ್ತಿದ್ದೆ.

"ಬಿಡ್ರಿ ಆಯಿ, ಅವರು ನಮ್ಮಪ್ಪ," ಎಂದಳು ಮಗಳು.

"ನಿಮ್ಮಪ್ಪಾ? ಮತ್ತ ಹಿಂಗ್ಯಾಕ ಕಳ್ಳನಂಗ ಹಿಡದಾನ?"

"ನಮ್ಮಪ್ಪ ಹಂಗ ಅದಾನ್ರಿ."

ಮುದುಕಿಗೆ ಪೂರ್ತಿ ನಂಬಿಕೆ ಬರಲಿಲ್ಲ. ತಂಗಿಯ ಮನೆಯ ಬಾಗಿಲವರೆಗೂ ನಮ್ಮ ಹಿಂದೆ ಬಂದು, ತಂಗಿ ನನ್ನನ್ನು ಅಣ್ಣಾ ಎಂದು ಕರೆದ ಮೇಲೆಯೇ ಹಿಂದಿರುಗಿದಳು.

ತಂಗಿ ನನ್ನ ಕಣ್ಣಿಗೆ ತಣ್ಣೀರು ಹಾಕಿದಳು. "ಐವತ್ತು ದಾಟೀದಿ ಅಣ್ಣಾ. ಬುದ್ಧಿ ಯಾವಾಗ ಬರೋದು?" ಎಂದು ಕೇಳುತ್ತ ಮತ್ತೊಂದು ತಂಬಿಗೆ ಸುರಿದಳು. ಮಗಳು ನಡುಮನೆಯಲ್ಲಿ ನಗುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ನಗು ನಿಂತಿತು. ಏಕೆ ನಿಂತಿತೆಂದು ನನಗೆ ಕಾಣಲಿಲ್ಲ, ಕಣ್ಣು ತೆರೆಯಲಾಗುತ್ತಿರಲಿಲ್ಲ.

"ಯಾಕ ಒದೀಲಿಲ್ಲವ್ವಾ?" ಎಂದು ಕೇಳಿದೆ.

"ನೀ ಅಂತ ಗೊತ್ತಿತ್ತಪ್ಪಾ. ಸೀನಿದಿಯಲ್ಲಾ."

ನನ್ನ ಸೀನು ಮೂರು ಮನೆಗೆ ಕೇಳಿಸುವಂಥದ್ದು, ಅದನ್ನು ಅವಳು ಹುಟ್ಟಿದಾಗಿನಿಂದ ಕೇಳಿದ್ದಾಳೆ. ಆದರೆ ನಾನು ಸೀನಿದ್ದು ಹಿಡಿಯುವ ಮೊದಲೋ ಹಿಡಿದ ಮೇಲೋ? ಮೊದಲಾಗಿದ್ದರೆ ಅವಳಿಗೆ ಗೊತ್ತಿತ್ತು. ಹಿಡಿದ ಮೇಲಾಗಿದ್ದರೆ, ಸೀನುವ ತನಕ ಅವಳು ಗಾಬರಿಯಿಂದ ಕಲ್ಲಾಗಿ ನಿಂತಿದ್ದಳು. ನೆನಪಿಸಿಕೊಂಡಷ್ಟೂ ಸೀನು ಹಿಂದೆ ಮುಂದೆ ಸರಿಯುತ್ತಿತ್ತು.

"ಗೊತ್ತಿದ್ರ ಅಪ್ಪಾ ಅಂತ ಯಾಕ ಅನಲಿಲ್ಲ?"

"ನೀ ಏನ್ ಮಾಡ್ತೀ ನೋಡೋಣು ಅಂತ ನಿಂತೆ."

ಅದೂ ಅವಳ ಸ್ವಭಾವವೇ. ಅಪ್ಪನ ಚಿಂತೆ ಹೆಚ್ಚಾಗಬಾರದೆಂದು ಒಂದು ಮಾತು ಹೆಣೆಯುವುದೂ ಅವಳ ಸ್ವಭಾವವೇ. ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಅವಳೇ ಕೇಳಿದಳು.

"ಆಯಿ ಕೊಳ್ಳಪಟ್ಟಿ ಹಿಡದಾಗ ನೀ ಯಾಕ ಬಿಡಿಸ್ಕೊಳ್ಳಲಿಲ್ಲ?"

"ವಯಸ್ಸಾದಾಕಿ... ಹೆಣ್ಮಗಳು..."

"ಹೌದಿಲ್ಲೋ? ಅಪ್ಪಾ, ಕಾಲೇಜಿನ್ಯಾಗ ನಾವು ಬೀಜದ ಪರೀಕ್ಷೆ ಮಾಡೂಮುಂದ ನೂರು ಬೀಜ ಇಡ್ತಿದ್ವಿ, ದಿನಾ ಮೊಳಕಿ ಎಣಸ್ತಿದ್ವಿ. ನೀ ಒಂದ ಬೀಜ ಇಟ್ಟು, ಅದನ್ನೂ ಕೆದರಿ ಕೆದರಿ ನೋಡಿದ್ರ ಏನ್ ತಿಳೀತೈತಿ?"

ತಂಗಿ ತಂಬಿಗೆ ಹಿಡಿದುಕೊಂಡೇ ನಕ್ಕಳು.

ಮರುದಿನ ಸಂಜೆ ಕ್ಲಾಸು ಮುಗಿದ ಮೇಲೆ ಮಾಸ್ತರನ್ನು ಒಂದು ಕಡೆ ಕರೆದು ನಡೆದದ್ದನ್ನೆಲ್ಲ ಹೇಳಿದೆ. ನಗುತ್ತಾನೆಂದುಕೊಂಡಿದ್ದೆ, ನಗಲಿಲ್ಲ. ಚಾಪೆ ಸುತ್ತುತ್ತಿದ್ದವನು ಅಲ್ಲೇ ಕುಳಿತ.

"ಆಕಿ ಒದೀತಾಳೋ ಇಲ್ಲೋ, ಹೇಳ್ರಿ," ಎಂದೆ. "ನೀವು ಹೇಳಿದಂಗ ಮಾಡ್ತೀನಿ."

"ನನಗ ಗೊತ್ತಿಲ್ರಿ ಸಾಹೇಬ್ರ."

"ಹನ್ನೆರಡು ವರ್ಷದಿಂದ ಕಲಿಸಾಕತ್ತೀರಿ!"

"ಕಲಿಸಾಕತ್ತೇನ್ರಿ. ಆದ್ರ ಇಲ್ಲೀತನಕ ನನ್ನ ಕೈ ಯಾರೂ ಹಿಡದಿಲ್ಲ. ಹಿಡದ್ರ ನಾ ಏನ್ ಮಾಡ್ತೀನೋ, ನನಗ ಗೊತ್ತಿಲ್ಲ." ದನಿ ತಗ್ಗಿಸಿ ಸೇರಿಸಿದ, "ಇದನ್ನ ಹುಡುಗರ ಮುಂದ ಅನಬ್ಯಾಡ್ರಿ ಮತ್ತ."

"ಹಂಗಾರ ಏನ್ ನಂಬಿ ಕಲಿಸ್ತೀರಿ?"

ಅವನು ಸುತ್ತಿದ ಚಾಪೆಗೆ ಹಗ್ಗ ಬಿಗಿದ. "ಓಡಾಕ ದಮ್ಮಾದ್ರೂ ಬರತೈತಲ್ರಿ" ಎಂದು ಚಾಪೆ ಎತ್ತಿಕೊಂಡು ಹೋದ.

ಉಳಿದ ದಿನಗಳಲ್ಲಿ ನಾನು ಮಗಳಿಗೆ ಏನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಸೇರುವ ದಿನದ ಮುಂಜಾನೆ ಅವಳು ಸ್ನಾನ ಮಾಡಿ, ತಲೆ ಬಾಚಿಕೊಂಡು, ನನ್ನ ಎದುರಿಗೆ ಕುರ್ಚಿ ಎಳೆದುಕೊಂಡು ಕುಳಿತಳು. ಡಬ್ಬಿ ಕಟ್ಟಬೇಕೋ ಬೇಡವೋ ತಿಳಿಯದೆ ಹೆಂಡತಿ ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಲಗೂ ಹೇಳ್ರಿ," ಎಂದಳು. "ರೊಟ್ಟಿ ಆರಾಕತ್ತಾವು."

ಪರವಾಗಿ, ವಿರುದ್ಧವಾಗಿ ಬರೆಯಬೇಕಾದ್ದೆಲ್ಲ ಬರೆದು ಮುಗಿದಿತ್ತು. ಒದೆ ಬಿದ್ದಿರಲಿಲ್ಲ, ಆದ್ದರಿಂದ ನನ್ನದೇ ಷರತ್ತಿನ ಪ್ರಕಾರ ಬೇಡ ಎನ್ನಬೇಕಿತ್ತು. ಅವಳ ಮುಖ ನೋಡಿದೆ. "ಹೋಗು" ಎಂದೆ. ಧೈರ್ಯದಿಂದ ಅಂದೆನೋ, ಬೇಡ ಎನ್ನಲು ಧೈರ್ಯ ಸಾಲದೆ ಅಂದೆನೋ, ಇದುವರೆಗೂ ನನಗೆ ಬಗೆಹರಿದಿಲ್ಲ.

ಬಸ್ ಸ್ಟ್ಯಾಂಡಿನವರೆಗೆ ಬರಬಹುದು, ಬಸ್ಸು ಹತ್ತಬಾರದು ಎಂದು ಅವಳು ಹೇಳಿದ್ದಳು. ಹಾಗೇ ಮಾಡಿದೆ. ರಾಣೇಬೆನ್ನೂರಿನ ಬಸ್ಸು ತುಂಬ ಹೆಂಗಸರು, ಎಲ್ಲರ ಕೈಯಲ್ಲೂ ಆಧಾರ್ ಕಾರ್ಡು. ಅವಳಿಗೆ ಮಧ್ಯದಲ್ಲೊಂದು ಸೀಟು ಸಿಕ್ಕಿತು. ಪಕ್ಕದಲ್ಲಿ ಕಾಲು ಅಗಲಿಸಿಕೊಂಡು ಕುಳಿತಿದ್ದ ದಪ್ಪ ಮೀಸೆಯ ಮನುಷ್ಯನೊಬ್ಬ ಅವಳ ಕಡೆಗೆ ವಾಲಿದ. ನಾನು ಕಿಟಕಿಯ ಹೊರಗೆ, ಹತ್ತು ಹೆಜ್ಜೆ ದೂರದಲ್ಲಿ. ಅವಳು ಅವನ ಕಡೆ ತಿರುಗಿ ಏನೋ ಒಂದು ಮಾತು ಅಂದಳು. ಅವನು ಎದ್ದು ಹಿಂದಕ್ಕೆ ಹೋದ. ಹಿಂದೆ ಕಿಟಕಿಯ ಪಕ್ಕದ ಸೀಟೊಂದು ಆಗಷ್ಟೇ ಖಾಲಿಯಾಗಿತ್ತು. ಅದಕ್ಕೆ ಹೋದನೋ, ಇವಳ ಮಾತಿಗೆ ಹೋದನೋ ಎನ್ನುವಷ್ಟರಲ್ಲಿ ಬಸ್ಸು ಹೊರಟಿತು.

ಕಚೇರಿಯಲ್ಲಿ ಆ ದಿನ ನಾನು ಒಂದು ಕಡತವನ್ನೂ ಮುಂದೆ ಕಳಿಸಲಿಲ್ಲ. ಆ ಮಾತು ಏನಿದ್ದೀತು? ಸರಿಯಿರಿ ಎಂದಳೋ, ಏಳು ಎಂದಳೋ, ಇಲ್ಲಾ ಬಸ್ಸು ಮೋಟೆಬೆನ್ನೂರಿನಲ್ಲಿ ನಿಲ್ಲುತ್ತದೆಯೇ ಎಂದು ಕೇಳಿದಳೋ. ಸಂಜೆ ಏಳೂ ಮುಕ್ಕಾಲಿಗೆ ಮಗಳು ಮನೆಗೆ ಬಂದಳು. ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ಕೇಳಿದೆ.

"ಮುಂಜಾನೆ ಬಸ್ಸಿನ್ಯಾಗ ಅವಗ ಏನಂದಿ?"

"ಯಾರಿಗೆ?" ಎಂದಳು.