ಒರೆಸಿದ ಕೆಂಪು ಗುರುತು

ಅವರ ಬಲಗೈ ಹೆಬ್ಬೆರಳಿನ ಉಗುರು ದಪ್ಪಗೆ, ಕಪ್ಪಗೆ, ಎಮ್ಮೆಕೊಂಬಿನ ಚೂರಿನಂತಿತ್ತು. ಹಳೇ ಟಯರು ಬಂದರೆ ಆ ಉಗುರನ್ನು ರಬ್ಬರಿಗೆ ಒತ್ತಿ, ಗುರುತು ಮಾಯವಾಗುತ್ತದೋ ಇಲ್ಲವೋ ಎಂದು ನೋಡುತ್ತಿದ್ದರು. ರಿಮ್ಮಾದರೆ ಕಿವಿ ಹತ್ತಿರ ತಂದು ಸುತ್ತಿಗೆಯಿಂದ ಬಡಿಯುತ್ತಿದ್ದರು. ಒಡಕು ಸದ್ದು ಬಂದರೆ ಕೆಂಪು ಪೇಂಟಿನಲ್ಲಿ ಅಡ್ಡ ಗುರುತು. ಆಮೇಲೆ ಕಾಲಿಗೆ ಬಿದ್ದರೂ ಅದನ್ನು ಜೋಡಿಸಿಕೊಡುತ್ತಿರಲಿಲ್ಲ. ಕೂಳೂರು ಸೇತುವೆ ದಾಟಿದೊಡನೆ ಹೆದ್ದಾರಿ ಬದಿಗೆ ಅವರ ಅಂಗಡಿ. ನಮಗೆಲ್ಲ ಅವರು ಟಯರ್ ಅಂಕಲ್. 'ಅಂಕಲ್ ನೋಡಿದ್ದು' ಎಂದರೆ ಲಾರಿ ಡ್ರೈವರುಗಳು ಮತ್ತೆ ತುಟಿ ಬಿಚ್ಚುತ್ತಿರಲಿಲ್ಲ.

ನಾನು ಗಲ್ಫಿನಲ್ಲಿ ಮರಳಗುಡ್ಡೆ ಹತ್ತುವ, ಮೈಯೆಲ್ಲ ಪೈಪಿನ ಬಗ್ಗಿ ಗಾಡಿಗಳನ್ನು ಕಂಡು ಹುಚ್ಚು ಹಿಡಿಸಿಕೊಂಡು ಬಂದವನು. ಮಣ್ಣಗುಡ್ಡದ ಮನೆಯಂಗಳದಲ್ಲಿ ಹಳೇ ಜೀಪಿನ ಎಂಜಿನ್ನಿಗೆ ಕಬ್ಬಿಣದ ಪೈಪು ಬೆಸೆದು ನಾನೂ ಒಂದನ್ನು ಕಟ್ಟಿದೆ. ಅದಕ್ಕೆ ಲಾರಿಯ ಚಕ್ರವೇ ಬೇಕೆಂದು ಹಟ. ಗುಜರಿಯಿಂದ ನಾಲ್ಕು ರಿಮ್ಮು, ನಾಲ್ಕು ಟಯರು ತಂದು ಅಂಕಲ್ ಮುಂದೆ ಇಳಿಸಿದೆ.

"ಎಂತ ಪುತಾ ಇದು?" ಅಂಕಲ್ ನಕ್ಕರು. ಕೊಂಕಣಿಯಲ್ಲಿ ಮಗನನ್ನು ಕರೆಯುವ ಹಾಗೆ ನನ್ನನ್ನು ಪುತಾ ಎನ್ನುತ್ತಿದ್ದರು. "ಕೋಳಿಗೆ ಆನೆ ಕಾಲು ಕಟ್ತೀಯಾ? ನಿನ್ನ ಗಾಡಿಯೇ ಹಗುರ. ಈ ಭಾರಕ್ಕೆ ಆಕ್ಸಲ್ ತುಂಡಾಗ್ತದೆ. ಜೀಪಿನ ಟಯರು ಹಾಕು, ಗಾಳಿ ಸ್ವಲ್ಪ ಕಮ್ಮಿ ಇಡು, ಕೆಸರಿನಲ್ಲಿ ಚಂದ ಹೋಗ್ತದೆ."

ಆದರೂ ರಿಮ್ಮುಗಳನ್ನು ಒಂದೊಂದಾಗಿ ಬಡಿದರು. ನಾಲ್ಕನೆಯದಕ್ಕೆ ಅವರ ನಗು ನಿಂತಿತು.

"ನಟ್ಟಿನ ತೂತಿನ ಹತ್ತಿರ ಬಿರುಕು ಉಂಟು. ಇದು ಮನುಷ್ಯನನ್ನು ಕೊಲ್ತದೆ. ಗುಜರಿಗೇ ಹಾಕು." ಕೆಂಪು ಗುರುತು ಬಿತ್ತು.

ನಾನು ಅವರ ಮಾತು ಕೇಳಿದೆ. ನನ್ನ ಗಾಡಿಯ ಮಟ್ಟಿಗೆ ಮಾತ್ರ. ಕೊಡಿಯಾಲ್‌ಬೈಲಿನ ಗೆಳೆಯನೊಬ್ಬ ನನ್ನದಕ್ಕಿಂತ ಭಾರದ ಬಗ್ಗಿ ಕಟ್ಟುತ್ತಿದ್ದ. ಲಾರಿ ಚಕ್ರ ನನಗೆ ಕೊಡು ಮಾರಾಯ ಎಂದ. ಮೂರೇ ಇದ್ದರೆ ಯಾರಿಗೆ ಬೇಕು? ಥಿನ್ನರಿನಲ್ಲಿ ಆ ಗುರುತು ಒರೆಸಿ, ಮೇಲೆ ಕಪ್ಪು ಪೇಂಟು ಹೊಡೆದೆ. "ಅಂಕಲ್ ನೋಡಿ ಪಾಸ್ ಮಾಡಿದ್ದು" ಎಂದೂ ಹೇಳಿದೆ. ನನ್ನ ಬುದ್ಧಿಗೆ ಬೆಂಕಿ ಬೀಳಲಿ. ಏನೂ ಆಗಲಿಕ್ಕಿಲ್ಲ ಎಂದೇ ನಂಬಿದ್ದೆ.

ಮಳೆಗಾಲ ಶುರುವಾದ ವಾರವೇ ಕೆಂಪುಕಲ್ಲು ಕಡಿಯುವ ಕೋರೆಯೊಂದರ ಇಳಿಜಾರಿನಲ್ಲಿ ಅವನ ಬಗ್ಗಿಯ ಮುಂದಿನ ಚಕ್ರ ಕಿತ್ತುಹೋಯಿತು. ಗಾಡಿ ಮಗುಚಿ ಅವನ ಬಲಗೈ ಪೈಪಿನಡಿ ಸಿಕ್ಕಿತು. ಮೊಣಕೈಯಿಂದ ಕೆಳಗೆ ಉಳಿಸಿಕೊಳ್ಳಲಾಗಲಿಲ್ಲ.

ಗಾಯ ಮಾಗಿದ ಮೇಲೆ ಅವನು ಆ ರಿಮ್ಮನ್ನು ನನ್ನ ಕೈಯಲ್ಲೇ ಹೊರಿಸಿಕೊಂಡು ಅಂಗಡಿಗೆ ನಡೆದ. ಲಾರಿಯವರೆಲ್ಲ ನೋಡುತ್ತಿದ್ದಂತೆ ಕೂಗಿದ: "ಇದನ್ನು ನೀವು ಪಾಸ್ ಮಾಡಿದ್ದಾ ಅಂಕಲ್? ನನ್ನ ಕೈ ಎಲ್ಲುಂಟು ನೋಡಿ!"

ಅಂಕಲ್ ರಿಮ್ಮನ್ನು ತಿರುಗಿಸಿದರು. ಉಗುರಿನಿಂದ ಕಪ್ಪು ಪೇಂಟನ್ನು ಕೆರೆದರು. ಬಿರುಕಿನ ಸಂದಿಯಲ್ಲಿ ಕೆಂಪು ಉಳಿದಿತ್ತು. ತಲೆಯೆತ್ತಿ ನನ್ನನ್ನೇ ನೋಡಿದರು. ನಾನು ನೆಲ ನೋಡಿದೆ.

"ಹೌದು," ಎಂದರು ಕೊನೆಗೆ. "ನನ್ನ ಕಣ್ಣು ತಪ್ಪಿತು. ತಪ್ಪಾಯ್ತು ಮಗಾ."

ಮರುದಿನ ಒಬ್ಬನೇ ಹೋಗಿ, ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ಬೈದಿದ್ದರೆ, ಸುತ್ತಿಗೆ ಬೀಸಿದ್ದರೆ ಎಷ್ಟೋ ಒಳ್ಳೆಯದಿತ್ತು.

"ನೀನು ಹೇಳ್ತೀಯೋ ಅಂತ ಕಾದೆ. ಹೇಳ್ಲಿಲ್ಲ," ಎಂದರು. "ಅವನಿಗೆ ಕೈ ಹೇಗೂ ಹೋಯ್ತು. ಒಬ್ಬ ಗೆಳೆಯನಾದರೂ ಇರಲಿ."

ಲಾರಿಯವರ ಬಾಯಿಯಲ್ಲಿ ಸುದ್ದಿ ಸುರತ್ಕಲ್ಲಿನವರೆಗೂ ಹೋಯಿತು. ಅಂಗಡಿಯ ಮುಂದೆ ನಿಲ್ಲುವ ಲಾರಿಗಳು ಕಡಿಮೆಯಾದವು. ಬಂದವರೂ ಅಂಕಲ್ ಬಡಿದ ರಿಮ್ಮನ್ನು ಅವರೆದುರೇ ಇನ್ನೊಮ್ಮೆ ಬಡಿದು ನೋಡುತ್ತಿದ್ದರಂತೆ. ಅಂಕಲ್ ಸುಮ್ಮನೆ ಸುತ್ತಿಗೆ ಕೊಡುತ್ತಿದ್ದರಂತೆ. ನಾನು ಮಾತ್ರ ಆ ದಾರಿಯಲ್ಲಿ ಮುಖ ತಿರುಗಿಸಿಕೊಂಡೇ ಹೋಗುತ್ತಿದ್ದೆ.

ಕಳೆದ ವರ್ಷ ಅಂಕಲ್ ಎದೆನೋವಿನಿಂದ ತೀರಿಕೊಂಡರು. ಇಗರ್ಜಿಯ ಸಿಮೆಟ್ರಿಯಲ್ಲಿ ಅವರನ್ನು ಹೂಳುವಾಗ ಗೆಳೆಯ ಎಡಗೈಯಿಂದ ಒಂದು ಹಿಡಿ ಮಣ್ಣು ಹಾಕಿ, ನನ್ನ ಪಕ್ಕ ಬಂದು ನಿಂತ. "ಒಳ್ಳೆ ಜನ ಮಾರಾಯ. ಕಣ್ಣು ಹೋಗಿತ್ತು, ಅಷ್ಟೇ. ನನಗೆ ಈಗ ಸಿಟ್ಟಿಲ್ಲ," ಎಂದ. ನನ್ನ ಹೆಗಲ ಮೇಲೆ ಕೈಯಿಟ್ಟ. ಆಗಲೂ ನಾನು ಬಾಯಿ ಬಿಡಲಿಲ್ಲ.

ಅವನಿಗೆ ಓದುವ ಅಭ್ಯಾಸ ಇಲ್ಲ. ಇಲ್ಲಿ ಬರೆದದ್ದನ್ನು ನಾನೇ ಎದುರು ಕೂತು ಓದಿ ಹೇಳಬೇಕು. ನಾಳೆ ಹೋಗುತ್ತೇನೆ. ಆ ಗೆಳೆತನ ಅಲ್ಲಿಗೆ ಮುಗಿಯಬಹುದು, ಮುಗಿಯಲಿ. ಅಂಕಲ್‌ರ ಕಣ್ಣು ಕೊನೆಯವರೆಗೂ ಸರಿಯಾಗಿಯೇ ಇತ್ತು. ಅವರು ಆ ರಿಮ್ಮನ್ನು ಪಾಸ್ ಮಾಡಿರಲಿಲ್ಲ. ಗುರುತು ಒರೆಸಿದ್ದು ನಾನು.